ಬಿಚ್ಚದ ಬೋಲ್ಟು, ಬದಲಾದ ಗ್ಯಾರೇಜು

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಎಂಬತ್ತರ ದಶಕದಲ್ಲಿ ಯೆಜ್ಡಿ ಬೈಕುಗಳದೇ ಸದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ ಗಾಡಿಗಳು ಮೇಷ್ಟ್ರ ಮನೆ ಮುಂದೆ, ಕಡ್ಲೆಕಾಯಿ ಮಂಡಿ ಮುಂದೆ, ಹಾಲಿನ ಡೈರಿ ಮುಂದೆ ನಿಂತಿರುತ್ತಿದ್ದವು. ಜೊತೆಗೆ ರಾಜದೂತ್, ಅಪರೂಪಕ್ಕೆ ಒಂದು ಬುಲೆಟ್. ಇವುಗಳಿಗೆಲ್ಲ ಆಸ್ಪತ್ರೆಯೆಂದರೆ ಮಧುಗಿರಿ ಬಸ್‌ಸ್ಟ್ಯಾಂಡಿನ ಆಸುಪಾಸಿನ, ಶಿರಾ ಹೈವೇ ಬದಿಯ ತಗಡಿನ ಶೆಡ್ಡುಗಳು. ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮಾತಿನಲ್ಲಿ ಬೆರೆಯುತ್ತಿದ್ದವು.

ಮಳೆಯೇ ಕಡಿಮೆ ಇರುವ ಸೀಮೆಯಲ್ಲಿ ಈ ಗಾಡಿಗಳ ಬೋಲ್ಟುಗಳು ತುಕ್ಕಿಗೆ ಅಷ್ಟೊಂದು ಹಿಡಿದುಕೊಳ್ಳುತ್ತಿದ್ದುದು ಏಕೆ? ಗಾಡಿ ಓಡದೆ ನಿಂತದ್ದಕ್ಕೆ. ಮಳೆ ಕೈಕೊಟ್ಟ ವರ್ಷ ಪಾವಗಡದ ಕಡೆಯವರು ಕೂಲಿ ಹುಡುಕಿ ಬೆಂಗಳೂರಿಗೆ ಹೋಗುತ್ತಿದ್ದರು. ಗಾಡಿ ದನದ ಕೊಟ್ಟಿಗೆಯ ಮೂಲೆ ಸೇರುತ್ತಿತ್ತು. ಗಂಜಲದ ಹಬೆ ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತಿತ್ತು. ಯುಗಾದಿಗೋ ಜಾತ್ರೆಗೋ ಊರಿಗೆ ಬಂದವರು ಅದನ್ನು ತಳ್ಳಿಕೊಂಡು ಗ್ಯಾರೇಜಿಗೆ ತರುತ್ತಿದ್ದರು. ಎಂಜಿನ್ನಿನ ಸುತ್ತ ಎಣ್ಣೆ ಜಿಡ್ಡು ಮೆತ್ತಿಕೊಂಡಿರುತ್ತಿದ್ದರಿಂದ ಅಲ್ಲಿಯ ಬೋಲ್ಟು ಅಷ್ಟಾಗಿ ಕಾಡುತ್ತಿರಲಿಲ್ಲ. ಕಾಡುತ್ತಿದ್ದುದು ಹಿಂದಿನ ಚಕ್ರದ ಆಕ್ಸಲ್ಲು, ವರ್ಷಗಟ್ಟಲೆ ಗ್ರೀಸು ಕಾಣದ ಸ್ವಿಂಗ್ ಆರ್ಮ್ ಪಿನ್ನು ಮತ್ತು ಸಿಲಿಂಡರಿಗೆ ಸೈಲೆನ್ಸರ್ ಪೈಪನ್ನು ಬಿಗಿಯುವ ದುಂಡನೆಯ ನಟ್ಟು. ಈ ನಟ್ಟಿಗೆ ತುಕ್ಕಿನ ಜೊತೆ ಮಸಿಯೂ ಸೇರಿ ಕಲ್ಲಾಗಿರುತ್ತಿತ್ತು.

ಗ್ಯಾರೇಜಿನ ಉಸ್ತಾದರು ಮೊದಲು ಪಾನಾ ಮುಟ್ಟುತ್ತಿರಲಿಲ್ಲ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ರೇಷನ್ನಿನ ನೀಲಿ ಸೀಮೆಎಣ್ಣೆ ಬಿಟ್ಟು, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ನಾಲ್ಕು ಏಟು ಕೊಟ್ಟು ರಾತ್ರಿಯಿಡೀ ಹಾಗೇ ಬಿಡುತ್ತಿದ್ದರು. ಆ ಏಟಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಬೆಳಗ್ಗೆ ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವುದು. ಹುಡುಗರು ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಲು ಹೋದರೆ, "ಬಲ ಹಾಕ್ಬ್ಯಾಡ ಕಣ್ಲಾ, ತಲೆ ಕಿತ್ಕಂಡ್ ಬತ್ತದೆ" ಎಂದು ಗದರುತ್ತಿದ್ದರು. ಬುಲೆಟ್ ಬಂದರೆ ಇಂಚಿನ ಅಳತೆಯ ಪಾನಾಗಳ ಬೇರೆ ಡಬ್ಬಿ ತೆರೆಯುತ್ತಿತ್ತು. ಹಳೆಯ ಬುಲೆಟ್ಟಿನದು ಇಂಗ್ಲಿಷರ ಅಳತೆ. ಅದಕ್ಕೆ ಮಿಲಿಮೀಟರ್ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುವುದು ಖಂಡಿತ.

ಸೀಮೆಎಣ್ಣೆಗೂ ಬಗ್ಗದಿದ್ದರೆ ಬೆಂಕಿ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಟ್ಟ ಮೇಲೆಯೇ ಗ್ಯಾಸ್ ಹಚ್ಚುತ್ತಿದ್ದರು. ಉಕ್ಕಿಗಿಂತ ಅಲ್ಯುಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಅಲ್ಯುಮಿನಿಯಂ ಭಾಗದಲ್ಲಿ ಉಕ್ಕಿನ ಬೋಲ್ಟು ಕೂತಿದ್ದರೆ ಬೋಲ್ಟನ್ನಲ್ಲ, ಸುತ್ತಲಿನ ಲೋಹವನ್ನು ಕಾಯಿಸಬೇಕು. ಬೋಲ್ಟು ಮುರಿದೇ ಹೋದರೆ ಉಳಿದ ತುಂಡಿನ ಮೇಲೊಂದು ನಟ್ಟಿಟ್ಟು ವೆಲ್ಡಿಂಗ್ ಮಾಡುತ್ತಿದ್ದರು. ವೆಲ್ಡಿಂಗಿನ ಕಾವೇ ತುಕ್ಕಿನ ಹಿಡಿತ ಬಿಡಿಸುತ್ತಿತ್ತು, ಹೊಸ ನಟ್ಟು ಪಾನಾಕ್ಕೆ ಹಿಡಿತ ಕೊಡುತ್ತಿತ್ತು. ಅದೂ ಆಗದಿದ್ದರೆ ಲೇತ್ ಅಂಗಡಿ: ಡ್ರಿಲ್ ಹೊಡೆದು, ದೊಡ್ಡ ಅಳತೆಯ ಟ್ಯಾಪ್ ಹಾಕಿ ಹೊಸ ಥ್ರೆಡ್ಡು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಿಡಿಭಾಗ ಬಸ್ಸಿನಲ್ಲಿ ಬರುವ ಕಾಲ ಅದು. ಇದ್ದುದನ್ನು ಉಳಿಸಿಕೊಳ್ಳುವುದೇ ಕಸುಬಾಗಿತ್ತು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲಿಗೆ ಹೆಚ್ಚು ಓಡುವ ಆ ಗಾಡಿಯೆದುರು ಯೆಜ್ಡಿ ನಿಲ್ಲಲಿಲ್ಲ; 1996ರಲ್ಲಿ ಮೈಸೂರಿನ ಕಾರ್ಖಾನೆಯೇ ಮುಚ್ಚಿತು. ತಾಲ್ಲೂಕು ಕೇಂದ್ರಗಳಿಗೆ ಶೋರೂಮುಗಳು ಬಂದವು, ಬೋಲ್ಟು ಬಿಚ್ಚುವ ಗಾಳಿಯ ಗನ್ನು ಬಂತು. ಅಡುಗೆ ಗ್ಯಾಸು ಮನೆಮನೆ ತಲುಪುತ್ತಿದ್ದಂತೆ ನೀಲಿ ಸೀಮೆಎಣ್ಣೆ ಸಿಗದಾಯಿತು. ಅದರ ಜಾಗಕ್ಕೆ ಡೀಸೆಲ್ಲು, ಸ್ಪ್ರೇ ಡಬ್ಬಿ. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕ್ ಎದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾದ ಮೇಲೆ ಅಲ್ಲಿಯ ಮನೆಗಳ ಮುಂದೆಯೂ ಹೊಸ ಬೈಕುಗಳನ್ನು ಕಂಡೆ. ಈಗ ಹಿಡಿದುಕೊಂಡ ಬೋಲ್ಟನ್ನು ಬಿಡಿಸುತ್ತ ಕೂರುವವರಿಲ್ಲ. ಕತ್ತರಿಸಿ ಎಸೆದು ಇಡೀ ಭಾಗವನ್ನೇ ಬದಲಿಸುತ್ತಾರೆ. ಹುಡುಗರನ್ನು ದೂರಿ ಫಲವಿಲ್ಲ. ಒಂದು ಬೋಲ್ಟಿಗೆ ಅರ್ಧ ದಿನ ಕೊಟ್ಟರೆ ಆ ಕೂಲಿ ಕೊಡುವ ಗಿರಾಕಿ ಯಾರು?

2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿದೆ. ಅಪ್ಪನ ಹಳೆಯ ಗಾಡಿ ಹೊರತೆಗೆದು ಸರಿಮಾಡಿಸುವವರೂ ಹೆಚ್ಚುತ್ತಿದ್ದಾರೆ. ಅವರಿಗೆ ಆ ಶೆಡ್ಡುಗಳಲ್ಲಿ ಕಂಡುಕೊಂಡ ಒಂದು ಮಾತು: ಬೋಲ್ಟು ಸುಲಭವಾಗಿ ಬಿಚ್ಚುವುದೋ ಇಲ್ಲವೋ ಎಂಬುದು ಅದನ್ನು ಹಿಂದಿನ ಸಲ ಕೂರಿಸಿದವನ ಕೈಯಲ್ಲಿರುತ್ತದೆ. ಥ್ರೆಡ್ಡು ಒರೆಸಿ ಗ್ರೀಸು ಸವರಿ ಕೂರಿಸಿ. ಕಾಯುವ ಸೈಲೆನ್ಸರ್ ನಟ್ಟಿಗೆ ಮಾಮೂಲಿ ಗ್ರೀಸು ಸುಟ್ಟುಹೋಗುತ್ತದೆ, ತಾಮ್ರದ ಗ್ರೀಸು ಹಾಕಿ. ಮೆಕ್ಯಾನಿಕ್ ಒಂದು ದಿನ ಹೆಚ್ಚು ಕೇಳಿದರೆ, ದಯವಿಟ್ಟು ಕೊಡಿ.