ಯಾವ ಮೀನಿನ ಮನೆಗೆ ಹೋಗೋಣ?

ಇಂಡಿಯಲ್ಲಿ ಮಗನ ಮನೆ, ಸಿಂದಗಿಯಲ್ಲಿ ಹಿರಿಮಗಳ ಮನೆ, ಮುದ್ದೇಬಿಹಾಳದಲ್ಲಿ ಕಿರಿಮಗಳ ಮನೆ, ಬಸವನ ಬಾಗೇವಾಡಿಯಲ್ಲಿ ನಾವಿಬ್ಬರು ಮುದುಕರು. 2022ರ ಬೇಸಿಗೆ ರಜೆಯಲ್ಲಿ ಈ ಮನೆಗಳ ಐದೂ ಮೊಮ್ಮಕ್ಕಳು ಒಂದೇ ಹಟ ಹಿಡಿದವು: “ಮುತ್ಯಾ, ಈ ಸಲ ಅಕ್ವೇರಿಯಂ ನೋಡಾಕ ಹೋಗೂಣು.” ಅದರ ಹಿಂದಿನ ಎರಡು ರಜೆಗಳನ್ನು ಕೊರೊನಾ ನುಂಗಿತ್ತು. ಒಲ್ಲೆ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಯಾವ ಅಕ್ವೇರಿಯಂ ಎಂಬುದಕ್ಕೆ ಮಾತ್ರ ಎಂಟು ದಿನ ಜಗಳ ನಡೆಯಿತು.

ಇಂಡಿಯ ಮೊಮ್ಮಗ ಏಳನೇ ಇಯತ್ತೆ. ಅವನದು ಚೆನ್ನೈ. ಅಲ್ಲಿ 2019ರಲ್ಲಿ ಶುರುವಾದ ವಿಜಿಪಿ ಮರೀನ್ ಕಿಂಗ್‌ಡಮ್‌ನ ವಿಡಿಯೊ ಮೊಬೈಲಿನಲ್ಲಿ ತೋರಿಸಿದ. ನಾವು ನಡೆದು ಹೋಗುತ್ತಿದ್ದರೆ ತಲೆಯ ಮೇಲೆ ಸಮುದ್ರದ ಮೀನು ಈಜುತ್ತವೆ. ಚೆಂದವೇ ಇತ್ತು. ಆದರೆ ಟಿಕೆಟ್ಟಿನ ದರವನ್ನು ಹನ್ನೊಂದು ಮಂದಿಯಿಂದ ಗುಣಿಸಿ, ಅದಕ್ಕೆ ರೈಲಿನ ಖರ್ಚು ಕೂಡಿಸಿದ ಮೇಲೆ ನನ್ನ ಅಳಿಯ ಮೊಬೈಲನ್ನು ಮೆಲ್ಲಗೆ ಅವನ ಕೈಗೇ ವಾಪಸು ಕೊಟ್ಟ.

ನನ್ನ ಮನಸ್ಸು ಮುಂಬಯಿಯ ತಾರಾಪೋರವಾಲಾ ಕಡೆಗಿತ್ತು. ಮರೀನ್ ಡ್ರೈವ್ ರಸ್ತೆಯಲ್ಲಿ 1951ರಲ್ಲಿ ತೆರೆದದ್ದು ಅದು. ಮಿಲ್ಲಿನಲ್ಲಿದ್ದ ಸೋದರಮಾವ ಹುಡುಗನಾಗಿದ್ದ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ಒಳಗಿನ ಕತ್ತಲು, ಕತ್ತಲಲ್ಲಿ ಹೊಳೆಯುವ ನೀಲಿ ಚೌಕಗಳು ಈಗಲೂ ಕಣ್ಣಿಗೆ ಕಟ್ಟಿವೆ. ಮಗ ಹುಡುಕಿ ನೋಡಿ, “ಅಪ್ಪಾ, ಅದು ಬಂದ್ ಆಗೇತಿ” ಅಂದ. ಹಿರಿಮಗಳು ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ನೆನೆಸಿದಳು. 1983ರಲ್ಲಿ ಆರಂಭವಾದ ಎಂಟು ಮೂಲೆಯ ಕಟ್ಟಡ. ಅವಳು ಸಣ್ಣಾಕಿದ್ದಾಗ ತೋರಿಸಿ ತಂದಿದ್ದೆ. “ಮೀನಕಿಂತ ಅಪ್ಪನ ಹೆಗಲ ನೆನಪೈತಿ. ಗಾಜು ನನಗ ಎಟುಕತಿದ್ದಿಲ್ಲ” ಎಂದು ನಕ್ಕಳು.

ಆ ಮಾತು ನನಗೆ ಹಿಡಿಸಿತು. ದೊಡ್ಡದು ಯಾವುದು ಅಂತ ಎಲ್ಲರೂ ನೋಡುತ್ತಾರೆ, ಐದು ವರ್ಷದ ಕೂಸಿಗೆ ಗಾಜು ಎಟುಕುತ್ತದೆಯೇ, ಮೊಣಕಾಲು ನೋಯುವವರು ಎಷ್ಟು ದೂರ ನಡೆಯಬೇಕು ಅಂತ ಯಾರೂ ಕೇಳುವುದಿಲ್ಲ. ನೂರು ತೊಟ್ಟಿಗಳ ಮುಂದೆ ಓಡುವುದಕ್ಕಿಂತ ಒಂದರ ಮುಂದೆ ಅರ್ಧ ತಾಸು ನಿಲ್ಲುವುದೇ ಮೇಲು ಎನ್ನುವವನು ನಾನು.

ಹಾಗೆ ಸಿಕ್ಕಿದ್ದು ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಒಳಗೇ 2021ರ ಜುಲೈಯಲ್ಲಿ ತೆರೆದಿದ್ದ ಸುರಂಗ ಅಕ್ವೇರಿಯಂ. ಸಿಹಿನೀರಿನ ಮೀನು, 12 ಅಡಿ ಉದ್ದ, ತಲೆಗೆ 25 ರೂಪಾಯಿ. “ಹನ್ನೆರಡ ಅಡಿ? ನಮ್ಮ ದನದ ಕೊಟಗಿ ಅದಕಿಂತ ದೊಡ್ಡದೈತಿ!” ಎಂದು ಮುದ್ದೇಬಿಹಾಳದವಳು ಮೂಗು ಮುರಿದಳು. ಆದರೆ ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲೇ ಇಲ್ಲ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಹೋಗುವುದೇ ಆ ಮಕ್ಕಳಿಗೆ ಅರ್ಧ ಪ್ರವಾಸ. ಹೂಂ ಅಂದವು.

ಒಲ್ಲೆ ಅಂದವಳು ನನ್ನ ಹೆಂಡತಿ ಒಬ್ಬಳೇ. “ಮೀನು ನೋಡಾಕ ನಾ ಬರಾಂಗಿಲ್ಲ. ನೀವ ಹೋಗಿ ಬರ್ರಿ.”

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡರು ಎಲ್ಲರೂ. ಕಾರಣ ನನಗೆ ಗೊತ್ತಿತ್ತು. ಅವಳ ತವರು ಹಳೇ ಕೊಲ್ಹಾರ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಿತು. ಮಂದಿ ಹೊಸ ಊರು ಕಟ್ಟಿಕೊಂಡರು, ಕುಡಿಕೆಯ ಮೊಸರಿನ ಹೆಸರೂ ಉಳಿಯಿತು. ಇವಳು ಮಾತ್ರ ಆಮೇಲೆ ಆ ನೀರಿನ ಕಡೆಗೆ ಮುಖ ಮಾಡಿ ನಿಂತವಳಲ್ಲ. ಸೇತುವೆ ದಾಟುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದಳು.

ಕಡೆಗೆ ಅವಳನ್ನು ಒಪ್ಪಿಸಿದ್ದು ಎಲ್ಲರಿಗಿಂತ ಸಣ್ಣವನು. “ಆಯಿ ಬರದಿದ್ರ ನಾನೂ ಹೋಗಾಂಗಿಲ್ಲ” ಅಂತ ನೆಲಕ್ಕೆ ಬಿದ್ದು ಅತ್ತ.

ಮಗನ ಮನೆಯವರು ಇಂಡಿ ರೋಡಿನಲ್ಲಿ, ಸಿಂದಗಿಯವರು ವಿಜಯಪುರದಲ್ಲಿ, ಉಳಿದವರು ಆಲಮಟ್ಟಿಯಲ್ಲಿ ಹತ್ತಿದೆವು. ಮುಂಜಾನೆ ಬೆಂಗಳೂರಿನಲ್ಲಿ ಇಳಿದು, ಮುಖ ತೊಳೆದು, ಇಡ್ಲಿ ತಿಂದು ಸುರಂಗದ ಮುಂದೆ ನಿಂತೆವು.

ಗಾಜಿನಂತೆ ಕಂಡರೂ ಇಂಥ ಸುರಂಗಗಳ ಗೋಡೆ ಗಾಜಲ್ಲ. ಅದು ಅಕ್ರಿಲಿಕ್, ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಗಾಜಿಗಿಂತ ಹಗುರ, ಕಮಾನಿನಂತೆ ಬಾಗಿಸಲೂ ಬರುತ್ತದೆ. ಮೊಸಳೆ ಮೂತಿಯ ಆಲಿಗೇಟರ್ ಗಾರ್ ಒಂದು ಮೆಲ್ಲಗೆ ಸಾಗಿ ಬಂತು. ಸಣ್ಣವನು ತಟ್ಟಲು ಕೈ ಎತ್ತಿದ. ತಡೆದು ಹೇಳಿದೆ: ಮೀನಿನ ಮೈಯ ಎರಡೂ ಬದಿಗೆ ಉದ್ದಕ್ಕೆ ಒಂದು ಗೆರೆ ಇರುತ್ತದೆ, ನೀರು ಎಷ್ಟು ಅದುರಿದರೂ ಅದಕ್ಕೆ ತಿಳಿಯುತ್ತದೆ. ನೀನು ತಟ್ಟಿದರೆ ಅದಕ್ಕೆ ಹಲಗೆ ಬಾರಿಸಿದಂತೆ. ಮೊಬೈಲಿನ ಫ್ಲ್ಯಾಶೂ ಬೇಡ, ಕಣ್ಣು ಮುಚ್ಚಿಕೊಳ್ಳಲು ಅದಕ್ಕೆ ರೆಪ್ಪೆ ಇಲ್ಲ.

ಹಿರಿಯವನಿಗೆ ಇನ್ನೊಂದು ಹೇಳಿದೆ. ನೀರಿನಿಂದ ಹೊರಬರುವ ಬೆಳಕು ಬಾಗುತ್ತದೆ. ಅದಕ್ಕೇ ಮೇಲಿಂದ ಇಣುಕಿದರೆ ನಾಲ್ಕು ಅಡಿ ನೀರು ಮೂರೇ ಅಡಿ ಅನ್ನಿಸುತ್ತದೆ. ತಳ ಕಾಣುತ್ತದೆಂದು ಬಾವಿಗೆ ಇಳಿಯುವವರು ಮೋಸ ಹೋಗುವುದು ಹೀಗೆ.

ಇಷ್ಟು ಹೇಳಿ ತಿರುಗಿದರೆ ಆಯಿ ಕಮಾನಿನ ನಡುವೆ ನಿಂತು ಮೇಲೆ ನೋಡುತ್ತಿದ್ದಳು. ನೆರಿಗೆ ಹಿಡಿದ ಸಣ್ಣವನೂ ಮೇಲೆ ನೋಡುತ್ತಿದ್ದ. ಅವಳ ತಲೆಯ ಮೇಲೆ ಮೀನಿನ ಬಿಳಿ ಹೊಟ್ಟೆ ಹಾದುಹೋಯಿತು.

“ನಮ್ಮ ಪಡಸಾಲ್ಯಾಗೂ ಹಿಂಗ ಅಡ್ಡಾಡತಿರಬೇಕು” ಅಂದಳು, ಯಾರಿಗೂ ಅಲ್ಲ ಎಂಬಂತೆ.

“ಯಾವ ಪಡಸಾಲಿ, ಆಯಿ?”

ಅಲ್ಲೇ, ಹಿಂದಿನವರು ಸರಿಯಿರಿ ಸರಿಯಿರಿ ಎನ್ನುತ್ತಿರುವಾಗಲೇ, ನಮ್ಮ ಮಕ್ಕಳಿಗೂ ಹೇಳದ್ದನ್ನು ಮೊಮ್ಮಕ್ಕಳಿಗೆ ಹೇಳಿದಳು. ಬಾಗಿಲು ಕಿತ್ತುಕೊಂಡದ್ದು, ತೊಲೆ ಇಳಿಸಿ ಎತ್ತಿನ ಗಾಡಿಗೆ ಹೇರಿದ್ದು. ಅಡಿಗೆಮನೆಯ ನೆಲದಲ್ಲಿ ಹುಗಿದಿದ್ದ ಒಳಕಲ್ಲನ್ನು ಮಾತ್ರ ಕೀಳಲು ಆಗಲಿಲ್ಲ. ಅವಳ ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಬಂದಿದ್ದಳು.

“ಹಂಗಾರ ಈಗ ಆ ಒಳಕಲ್ಲಾಗ ಮೀನು ಕುಂದರತಾವೇನು?” ಸಣ್ಣವ ಕೇಳಿದ.

ಅವಳು ನಕ್ಕಳು. ಕೊಲ್ಹಾರದ ಮಾತಿನಲ್ಲಿ ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. “ಕುಂದರತಿರಬೇಕಪ್ಪಾ. ತಂಪ ಇರತೈತಿ ಅಲ್ಲಿ.”

ಊರಿಗೆ ಮರಳಿದ ಮೂರನೇ ದಿನ ಮೊಮ್ಮಕ್ಕಳು ಮತ್ತೆ ಹಟ ಹಿಡಿದವು. ಈ ಸಲ ಜಗಳವಿರಲಿಲ್ಲ. ಟಂಟಂ ಮಾಡಿಕೊಂಡು ಕೊಲ್ಹಾರಕ್ಕೆ ಹೋದೆವು. ಕೊರ್ತಿ-ಕೊಲ್ಹಾರ ಸೇತುವೆಯ ಮೊದಲಿಗೆ, ಗಾಡಿಗಳು ಬರದ ಕಡೆ ನಿಲ್ಲಿಸಿ, ಮಕ್ಕಳ ಕೈ ಹಿಡಿದು ನಿಂತೆವು. ಬೇಸಿಗೆಯಲ್ಲಿ ನೀರು ಇಳಿದಿತ್ತು, ಆದರೂ ಕಣ್ಣು ಹಾಯುವಷ್ಟು ಇತ್ತು. ದೂರದಲ್ಲಿ ಒಬ್ಬ ಬಲೆ ಎಳೆಯುತ್ತಿದ್ದ. ಕಾಟ್ಲಾ, ರೋಹು ಬಿದ್ದಿರಬಹುದು. ಗಂಗೆಯ ಸೀಮೆಯ ಈ ಮೀನುಗಳನ್ನು ಮರಿಗಳಾಗಿ ತಂದು ನಮ್ಮ ಕಡೆಯ ಜಲಾಶಯಗಳಿಗೆ ಬಿಟ್ಟದ್ದು. ಅವೂ ಊರು ಬಿಟ್ಟು ಬಂದವೇ.

ಆಯಿ ಕಣ್ಣು ತೆರೆದುಕೊಂಡೇ ಬೆರಳು ಮಾಡಿದಳು. “ಅಕಾ ಅಲ್ಲಿ ಗುಡಿ ಇತ್ತು. ಅದರ ಬಲಕ್ಕ ಓಣಿ. ಮೂರನೇದು ನಮ್ಮ ಮನಿ.”

ಇಂಡಿಯವನು ಕೈ ಅಡ್ಡ ಹಿಡಿದು ನೋಡಿದ. “ಭಾಳ ಆಳ ಇದ್ದಂಗ ಕಾಣಂಗಿಲ್ಲ, ಆಯಿ.”

“ಕಾಣೂದಕಿಂತ ಆಳ ಇರತೈತಿ ಅಂತ ಮುತ್ಯಾ ಹೇಳಿಲ್ಲೇನ?” ಮುದ್ದೇಬಿಹಾಳದವಳು ಗದರಿದಳು.

ಸೆರಗಿನಿಂದ ಮುಖ ಒರೆಸಿಕೊಂಡು ಆಯಿ ಟಂಟಂ ಕಡೆ ಹೊರಟಳು. “ಬಿಸಲ ಏರಾಕತ್ತೇತಿ, ನಡೀರಿ. ಮೊಸರು ತಗೋಬೇಕು. ಎರಡು ಕುಡಿಕಿ ಸಾಲಾಂಗಿಲ್ಲ, ನಾಕು ಮನಿಗೆ ನಾಕು ತಗೋರಿ.”