ಮೂಲ ಫೋಟೊ ಮುಟ್ಟದೆ ತಿದ್ದುವುದು

ಊರ ಸುದ್ದಿ ಮಾಡುವ ನಮ್ಮ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ: "ಅದು ಎಡಿಟ್ ಮಾಡಿದ ಫೋಟೊ ಬಿಡ್ರಿ." ಹೌದು, ಎಡಿಟ್ ಮಾಡುತ್ತೇವೆ. ಕತ್ತಲಾಗಿದ್ದರೆ ಬೆಳಕು ಏರಿಸುತ್ತೇವೆ, ಓರೆಯಾಗಿದ್ದರೆ ನೇರ ಮಾಡುತ್ತೇವೆ. ಆದರೆ ಮೂಲ ಫೋಟೊವನ್ನು ಮುಟ್ಟುವುದಿಲ್ಲ.

ನಾವು ಬಳಸುವುದು ಡಾರ್ಕ್‌ಟೇಬಲ್ ಎಂಬ ತಂತ್ರಾಂಶ. 2009ರಲ್ಲಿ ಶುರುವಾದದ್ದು, ಸ್ವಯಂಸೇವಕರು ಬೆಳೆಸುತ್ತಿರುವುದು. ದುಡ್ಡು ಕೊಡಬೇಕಿಲ್ಲ, ಕದ್ದ ಕಾಪಿಯೂ ಬೇಕಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಫೋನಿನಲ್ಲಿ ಇಲ್ಲ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಂತೂ ಗಟ್ಟದ ಮೇಲಿನ ಲಾರಿಯಂತೆ ಏದುಸಿರು ಬಿಡುತ್ತದೆ.

ಹೊಲದ ನಕ್ಷೆಯ ಮೇಲೆ ತೆಳು ಹಾಳೆ ಇಟ್ಟು ಗೆರೆ ಎಳೆದಂತೆ ಅದರ ಕೆಲಸ. ಬೆಳಕು ಎಷ್ಟು ಏರಿತು, ಎಲ್ಲಿ ಕತ್ತರಿಸಿದೆವು ಎಂಬುದೆಲ್ಲ ಫೋಟೊದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಪಠ್ಯ ಕಡತದಲ್ಲಿ ಕೂರುತ್ತದೆ. ತಿದ್ದಿದ ಫೋಟೊ ಬೇಕೆಂದಾಗ ಎಕ್ಸ್‌ಪೋರ್ಟ್ ಮಾಡಿದರೆ ಹೊಸದೊಂದು ಪ್ರತಿ ಬರುತ್ತದೆ. ತಿದ್ದುಪಡಿಗಳ ಪಟ್ಟಿ ತೆರೆಯ ಮೇಲೇ ಇರುತ್ತದೆ. ಒಂದೊಂದೇ ಮೆಟ್ಟಿಲು ಇಳಿದು ತಳ ಮುಟ್ಟಿದರೆ ಕ್ಯಾಮೆರಾ ಕೊಟ್ಟ ಚಿತ್ರ.

ಕಳೆದ ಮಾಗಿಯಲ್ಲಿ ಕೆರೆಯಂಗಳಕ್ಕೆ ಮಣ್ಣು ಸುರಿದದ್ದನ್ನು ನಾವು ಪ್ರಕಟಿಸಿದಾಗ "ಮಣ್ಣನ್ನು ಕಂಪ್ಯೂಟರಿನಲ್ಲಿ ಹಾಕಿದ್ದಾರೆ" ಎಂದರು. ಲ್ಯಾಪ್‌ಟಾಪನ್ನು ಅರಳಿಕಟ್ಟೆಗೇ ಒಯ್ದೆವು. ಒಂದೊಂದೇ ತಿದ್ದುಪಡಿ ತೆಗೆದಂತೆ ಮಂಜು ಮರಳಿತು, ಏರಿ ಮತ್ತೆ ಓರೆಯಾಯಿತು. ಮಣ್ಣಿನ ಗುಡ್ಡೆ ಮಾತ್ರ ಕದಲಲಿಲ್ಲ. "ಮಂಜು ತೆಗೆದಿರಿ, ಅಷ್ಟೇ ತಾನೆ?" ಎಂದರು ಹಿರಿಯರೊಬ್ಬರು. ಮಾತು ಫೋಟೊ ಬಿಟ್ಟು ಕೊನೆಗೂ ಮಣ್ಣಿಗೆ ಬಂತು.

ಆ ಪಟ್ಟಿಯೇ ಸಾಕ್ಷಿ ಎಂದು ನಾವು ಹೇಳುವುದಿಲ್ಲ. ಅದನ್ನು ಅಳಿಸಲೂಬಹುದು. ಕೈಯಲ್ಲಿ ಉಳಿಯಬೇಕಾದದ್ದು ಮೂಲ ಕಡತ. ಹಾಗಾಗಿ ಬೆಳೆಹಾನಿಯೋ ಒಡೆದ ಕಾಲುವೆಯೋ, ನಮಗೆ ಫೋಟೊ ಕಳಿಸುವವರಲ್ಲಿ ಒಂದು ಕೋರಿಕೆ. ಫಿಲ್ಟರ್ ಹಾಕಬೇಡಿ. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ. 'ಡಾಕ್ಯುಮೆಂಟ್' ಒತ್ತಿ ಕಳಿಸಿ. ನಮಗೆ ಕಳಿಸಿದ ಮೇಲೂ ಫೋನಿನಲ್ಲಿರುವುದನ್ನು ಅಳಿಸಬೇಡಿ. ಜಾಗ ಸಾಲದಿದ್ದರೆ ಮೊದಲು ಗುಡ್ ಮಾರ್ನಿಂಗ್ ಹೂಗಳನ್ನು ಅಳಿಸಿ.