ಛಲವನ್ನು ಮೊಂಡುತನವೆಂದು ಬರೆದ ಪತ್ರ

ಆ ಹುಡುಗಿಯ ಬಗ್ಗೆ ನಾನು ಬರೆದ ಪರಿಚಯ ಪತ್ರದಲ್ಲಿ ಏಳು ವಾಕ್ಯಗಳಿದ್ದವು. ಆರು ಸರಿಯಿದ್ದವು. ಏಳನೆಯದರಲ್ಲಿ ಒಂದೇ ಒಂದು ಪದ ತಪ್ಪಿತ್ತು. ಆ ತಪ್ಪಿಗೆ ಉತ್ತರ ಕೊಡಬೇಕಾಗಿ ಬಂದದ್ದು ನನಗಲ್ಲ, ಅವಳಿಗೆ.

ನಮ್ಮದು ತೆಲಂಗಾಣದ ಕಲ್ಹೇರ್ ಕಡೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ನಾರಾಯಣಖೇಡ, ಜಹೀರಾಬಾದ್ ಸೀಮೆ ಬೀದರ್ ಜಿಲ್ಲೆಯಲ್ಲಿತ್ತು. ಆಮೇಲೆ ಮೆದಕ್ ಜಿಲ್ಲೆಗೆ ಸೇರಿತು, 2016ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಹೀಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಇವೆರಡರ ಜೊತೆ ದಖ್ಖನಿ ಉರ್ದು. ಈ ಮೂರನ್ನೂ ನಾನು ಕಿವಿಯಿಂದ ಕಲಿತೆ. ಯಾವ ಮಾತನ್ನು ಯಾರು, ಯಾರಿಗೆ, ಎಂಥ ಮುಖ ಮಾಡಿಕೊಂಡು ಹೇಳುತ್ತಾರೆ ಎಂಬುದು ಮಾತಿನ ಜೊತೆಗೇ ಬಂತು. ಇಂಗ್ಲಿಷ್ ಮಾತ್ರ ಪುಸ್ತಕದಿಂದ ಬಂತು.

ಆ ಪುಸ್ತಕ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಬಂದ ಅದನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ನಮ್ಮ ಹುಡುಗರು ಇವತ್ತಿಗೂ ಓದುತ್ತಾರೆ. ಅದು ಶುರುವಾಗುವುದೇ ಮನುಷ್ಯರ ಸ್ವಭಾವ ಹೇಳುವ ಪದಗಳಿಂದ. ಲೂಯಿಸ್ ಒಂದೊಂದು ಪದವನ್ನೂ ಬಿಡಿಸಿ, ಬಳಸಿ ತೋರಿಸುತ್ತಾರೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಒಂದೇ ಒಂದು ಕನ್ನಡ ಪದ ಬರೆದು ಉರು ಹೊಡೆದೆ. ಲೂಯಿಸ್ ಮುಗಿದ ಮೇಲೆ ಸಣ್ಣ ಡಿಕ್ಷನರಿಯಿಂದ ತುಂಬಿಸಿದೆ. ‘ಆಬ್ಡ್ಯುರೇಟ್’ ಎಂಬುದರ ಎದುರು ‘ಹಠವಾದಿ’ ಎಂದು ಬರೆದಿದ್ದೆ.

ಓಣಿಯ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಆ ಹುಡುಗಿ ಹತ್ತಿ ಬಿಡಿಸುವ ದಿನಗಳಲ್ಲೂ ಪಾಠ ತಪ್ಪಿಸಿದವಳಲ್ಲ. ಹತ್ತಿಕಾಯಿ ಒಡೆದಾಗ ಅದರ ಒಣ ತುದಿಗಳು ಉಗುರಿನ ಬುಡಕ್ಕೇ ಗೀರುತ್ತವೆ. ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ಬರುತ್ತಿದ್ದಳು. ಪೆನ್ನು ಹಿಡಿಯಲು ಅಡ್ಡವಾದರೆ ಹಲ್ಲಿನಿಂದ ಗಂಟು ಬಿಚ್ಚಿ, ಬರೆದು ಮುಗಿಸಿ, ಮತ್ತೆ ಸುತ್ತಿಕೊಳ್ಳುತ್ತಿದ್ದಳು.

ಇಂಟರ್‌ಮೀಡಿಯಟ್ ಮುಗಿದ ಮೇಲೆ ಓದಿಗೆ ನೆರವು ಕೊಡುವ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದಳು. ಕಲಿಸಿದವರ ಪತ್ರ ಬೇಕಿತ್ತು. ಅವಳ ಹಠ ನನ್ನ ಕಣ್ಣಿಗೆ ಕಟ್ಟಿದಂತಿತ್ತು, ಅದನ್ನೇ ಹೊಗಳಬೇಕೆಂದುಕೊಂಡೆ. ‘ಡಿಟರ್ಮಿನ್ಡ್’ ಎಂಬ ಪದ ನೆನಪಾಗದೆ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಪದ, ಅವಳಿಗೆ ಇನ್ನೂ ದೊಡ್ಡದು ಬೇಕು ಅನ್ನಿಸಿತು. ನೋಟ್‌ಬುಕ್ ತೆರೆದು ‘ಆಬ್ಡ್ಯುರೇಟ್’ ಆರಿಸಿದೆ.

ಸಂದರ್ಶನ ಮುಗಿಸಿ ಬಂದವಳು ಹೊಸ್ತಿಲಲ್ಲೇ ನಿಂತು ಕೇಳಿದಳು: “ಕಾಕಾ, ನೀವ್ ಅದ್ರಾಗ ಏನ್ ಬರ್ದೀರಿ? ನೀ ಯಾರ ಮಾತೂ ಕೇಳಂಗಿಲ್ಲೇನು ಅಂತ ಕೇಳಿದ್ರು.”

ಅವಳಿಗೆ ನೆರವು ಸಿಗಲಿಲ್ಲ. ನನ್ನ ಪದವೊಂದರಿಂದಲೇ ಹೀಗಾಯಿತು ಎಂದು ಹೇಳಲಾರೆ. ಆದರೆ ಅವಳು ತನ್ನ ಓದಿನ ಬಗ್ಗೆ ಹೇಳಬೇಕಾಗಿದ್ದ ಹೊತ್ತು, ತಾನು ಮಾತು ಕೇಳುವವಳು ಎಂದು ಒಪ್ಪಿಸುವುದರಲ್ಲಿ ಕಳೆಯಿತು. ಅದಕ್ಕೆ ಕಾರಣ ನಾನೇ.

ಆ ರಾತ್ರಿ ಆಕ್ಸ್‌ಫರ್ಡ್‌ನ ದೊಡ್ಡ ಕಲಿಕಾ ನಿಘಂಟನ್ನು ತೆರೆದೆ. ಕಲಿಯುವವರಿಗೆಂದೇ ಮಾಡಿದ ಅಂಥ ನಿಘಂಟುಗಳಲ್ಲಿ ಪದದ ಪಕ್ಕದಲ್ಲೇ ಅದು ಮೆಚ್ಚುಗೆಯದೋ ನಿಂದೆಯದೋ ಎಂಬ ಗುರುತಿರುತ್ತದೆ. ‘ಆಬ್ಡ್ಯುರೇಟ್’ ನಿಂದೆಯ ಸಾಲಿನಲ್ಲಿತ್ತು. ಗಟ್ಟಿ ಎಂಬ ಅರ್ಥದ ಲ್ಯಾಟಿನ್ ‘ಡೂರುಸ್’ ಅದರ ಬೇರು. ಯಾರೆಷ್ಟು ಹೇಳಿದರೂ ಕರಗದ, ತಪ್ಪೆಂದು ತಿಳಿದರೂ ತಿದ್ದಿಕೊಳ್ಳದ ಕಲ್ಲೆದೆ ಅದು. ‘ಟೆನೇಷಿಯಸ್’ ಎಂಬುದರ ಬೇರು ಹಿಡಿಯುವುದು. ಹಿಡಿದದ್ದನ್ನು ಬಿಡದವರು ಎಂದು ಅದರಿಂದ ಹೊಗಳಬಹುದು. ನನ್ನ ನೋಟ್‌ಬುಕ್ಕಿನಲ್ಲಿ ಎರಡರ ಎದುರೂ ಅದೇ ‘ಹಠವಾದಿ’.

ಕನ್ನಡದಲ್ಲಿ ನಾನು ಈ ತಪ್ಪು ಎಂದೂ ಮಾಡುತ್ತಿರಲಿಲ್ಲ. ಹಠ, ಛಲ, ಪಟ್ಟು, ಮೊಂಡುತನ ಒಂದೇ ಅಲ್ಲವೆಂದು ಯಾರೂ ನನಗೆ ಕಲಿಸಿಲ್ಲ, ಕೇಳಿ ಕೇಳಿ ಗೊತ್ತು. ಬೀಗರು ವಿಚಾರಿಸಲು ಬಂದರೆ ಆ ಹುಡುಗಿಯನ್ನು ಛಲಗಾತಿ ಎನ್ನುತ್ತಿದ್ದೆ, ಮೊಂಡಿ ಎನ್ನುತ್ತಿರಲಿಲ್ಲ. ಇಂದಿನ ತೆಲಂಗಾಣದಲ್ಲೇ ಇರುವ ವೇಮುಲವಾಡದ ಚಾಲುಕ್ಯರ ಆಸ್ಥಾನದಲ್ಲಿದ್ದ ಪಂಪ, 10ನೆಯ ಶತಮಾನದಲ್ಲೇ ದುರ್ಯೋಧನನನ್ನು ಛಲಕ್ಕೆ ಮಾದರಿಯಾಗಿ ಕಂಡವನು. ಪಾಂಡವರ ಕಡೆಯವರಿಗೆ ಮೊಂಡುತನವಾಗಿ ಕಂಡದ್ದು ಕವಿಗೆ ಛಲವಾಗಿ ಕಂಡಿತು. ಸ್ವಭಾವದ ಪದವೆಂದರೆ ಹೀಗೆ: ಅದು ಆ ಮನುಷ್ಯನ ಗುಣವನ್ನಷ್ಟೇ ಅಲ್ಲ, ಹೇಳುವವರು ಅವನನ್ನು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದನ್ನೂ ಹೇಳುತ್ತದೆ. ನಾನು ಹುಡುಗಿಯ ಪಕ್ಕದಲ್ಲಿ ನಿಂತಿದ್ದೆ. ನನ್ನ ಪದ ಅವಳ ಎದುರು ನಿಂತಿತ್ತು.

ಪದದ ಜಾಗವೂ ಮುಖ್ಯವೆಂದು ಆಮೇಲೆ ಓದಿ ತಿಳಿದೆ. ಮನಶ್ಶಾಸ್ತ್ರಜ್ಞ ಸಾಲಮನ್ ಆ್ಯಶ್ 1946ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಬ್ಬ ಮನುಷ್ಯನ ಆರು ಗುಣಗಳನ್ನು ಓದಿ ಹೇಳಿದರು. ಬುದ್ಧಿವಂತಿಕೆಯಿಂದ ಶುರುಮಾಡಿ ಮೊಂಡುತನ, ಹೊಟ್ಟೆಕಿಚ್ಚುಗಳಲ್ಲಿ ಮುಗಿಸಿದಾಗ ಕೇಳಿದವರಿಗೆ ಅವನು ಒಳ್ಳೆಯವನೆನಿಸಿದ. ಅದೇ ಪಟ್ಟಿಯನ್ನು ಹಿಂದುಮುಂದು ಮಾಡಿದಾಗ ಅಭಿಪ್ರಾಯ ಕೆಟ್ಟಿತು. ನನ್ನ ಪದವಂತೂ ಕೊನೆಯ ವಾಕ್ಯದಲ್ಲಿದ್ದರೂ ಪ್ರಶ್ನೆ ಬಂದದ್ದು ಅದರ ಮೇಲೇ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಇವೆ. ಪದ, ಅರ್ಥ, ಹೊಗಳಿಕೆಯೋ ತೆಗಳಿಕೆಯೋ, ಮತ್ತು ಓದಿದ ಅಥವಾ ಕೇಳಿದ ಒಂದು ಪೂರ್ತಿ ವಾಕ್ಯ. ನಾಲ್ಕನೆಯದು ಖಾಲಿಯಿರುವ ಪದವನ್ನು ಯಾರ ಮೇಲೂ ಹಾಕುವುದಿಲ್ಲ. ಮಕ್ಕಳಿಗೂ ದಿನಕ್ಕೆ ಹತ್ತಲ್ಲ, ಎರಡು ಪದ ಕಲಿಸುತ್ತೇನೆ.

ಮರುವರ್ಷ ಅವಳು ಇನ್ನೊಂದು ಕಡೆ ಅರ್ಜಿ ಹಾಕುವಾಗ ಮತ್ತೆ ನನ್ನ ಹತ್ತಿರವೇ ಬಂದಳು. ಮೊದಲು ಕ್ಷಮೆ ಕೇಳಿದೆ. ಆಮೇಲೆ ದೊಡ್ಡ ಗುಣವಾಚಕ ಒಂದನ್ನೂ ಹಾಕದೆ, ಬೆರಳಿನ ಚಿಂದಿ ಬಿಚ್ಚಿ ಬರೆಯುತ್ತಿದ್ದುದನ್ನೇ ಎರಡು ಸರಳ ವಾಕ್ಯಗಳಲ್ಲಿ ಬರೆದೆ. ಲಕೋಟೆ ಅಂಟಿಸುವ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ, ತೆಗೆಯುವುದಿದ್ದರೆ ಹೇಳೆಂದೆ.

ಅವಳು ತನ್ನ ಬೆರಳು ನೋಡಿಕೊಂಡು, “ಇರ್ಲಿ ಕಾಕಾ, ಇದು ಖರೇ ಅದ” ಎಂದಳು.